ಎಗ್ ಪೋಚರ್: ಹಳದಿ ಗಟ್ಟಿ, ಮೇಲೆ ಹಸಿ ಯಾಕೆ?

ಪ್ರಶ್ನೆ: ಬಾಣಲೆಯೊಳಗೆ ಕೂರುವ ನಾಲ್ಕು ಬಟ್ಟಲಿನ ಎಗ್ ಪೋಚರ್ (ಚಿಪ್ಪು ಒಡೆದು ಹಾಕಿದ ಮೊಟ್ಟೆ ಬೇಯಿಸುವ) ತಟ್ಟೆಯನ್ನು ಪಾತ್ರೆ ಅಂಗಡಿಯಿಂದ 350 ರೂಪಾಯಿಗೆ ತಂದೆ. ಪ್ರತಿ ಸಲವೂ ಹಳದಿ ಗಟ್ಟಿಯಾಗುತ್ತದೆ, ಮೇಲಿನ ಬಿಳಿ ಮಾತ್ರ ಹಸಿ ಹಸಿ. ಮೇಲೆ ನೀರೂ ನಿಂತಿರುತ್ತದೆ. ತಟ್ಟೆ ಎತ್ತಲು ನಡುವೆ ಇರುವ ಹಿಡಿ ಉದ್ದ, ಹಾಗಾಗಿ ಮುಚ್ಚಳ ಪೂರ್ತಿ ಕೂರುವುದಿಲ್ಲ. ಕಡಿಮೆ ಬೆಲೆಯದು ತಂದಿದ್ದೇ ತಪ್ಪಾ? ಇನ್ನೊಂದು, ನಮ್ಮತ್ತೆ ಅರೆಬೆಂದ ಮೊಟ್ಟೆ ಮಗುವಿಗೆ ಕೊಡಬೇಡ ಅನ್ನುತ್ತಾರೆ. ಮಗಳಿಗೆ ಮೂರು ವರ್ಷ.
– ಓದುಗರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಬೆಲೆಗೂ ಇದಕ್ಕೂ ಸಂಬಂಧ ಇಲ್ಲ. ತೊಂದರೆ ಏನು ಅಂತ ನಿಮ್ಮ ಪತ್ರದಲ್ಲೇ ಇದೆ: ಮುಚ್ಚಳ ಕೂರುತ್ತಿಲ್ಲ.

ಈ ತಟ್ಟೆಯಲ್ಲಿ ಮೊಟ್ಟೆ ನೀರನ್ನು ಮುಟ್ಟುವುದೇ ಇಲ್ಲ. ಇಡ್ಲಿಯ ಹಾಗೆ ಹಬೆಯಲ್ಲೇ ಬೇಯುತ್ತದೆ. ಬಟ್ಟಲಿನ ತಳಕ್ಕೆ ಕೆಳಗಿನಿಂದ ಕಾವು ಹೇಗಿದ್ದರೂ ಸಿಗುತ್ತದೆ. ಮೇಲ್ಭಾಗಕ್ಕೆ ಮಾತ್ರ ಮುಚ್ಚಳದ ಕೆಳಗೆ ತುಂಬಿಕೊಂಡ ಹಬೆಯೇ ಗತಿ. ಸಂದಿ ಬಿಟ್ಟರೆ ಹಬೆ ಹೊರಗೆ ಹೋಗುತ್ತದೆ, ಮೇಲಿನ ಬಿಳಿ ಹಸಿಯಾಗಿಯೇ ಉಳಿಯುತ್ತದೆ. ಅದು ಬೇಯಲಿ ಅಂತ ನೀವು ಇನ್ನೆರಡು ನಿಮಿಷ ಬಿಡುತ್ತೀರಿ. ಅಷ್ಟರಲ್ಲಿ ತಳದ ಕಾವು ಹಳದಿಯನ್ನು ಗಟ್ಟಿ ಮಾಡಿರುತ್ತದೆ.

ಮೊಟ್ಟೆಯ ಸ್ವಭಾವವೂ ಇದಕ್ಕೆ ಸೇರಿಕೊಳ್ಳುತ್ತದೆ. ಬಿಳಿ ಭಾಗ 62 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟಲು ಶುರು ಮಾಡಿದರೂ ಚೆನ್ನಾಗಿ ಗಟ್ಟಿಯಾಗಲು 80 ಡಿಗ್ರಿವರೆಗೂ ಹೋಗಬೇಕು. ಹಳದಿಗೆ ಅಷ್ಟು ಬೇಡ. 65ಕ್ಕೆ ಮಂದವಾಗುತ್ತದೆ, 70 ದಾಟಿದರೆ ಹರಿಯುವುದಿಲ್ಲ. ಅಂದರೆ ಒಳಗಿರುವ ಹಳದಿಗಿಂತ ಹೊರಗಿರುವ ಬಿಳಿಗೇ ಜಾಸ್ತಿ ಬಿಸಿ ಬೇಕು. ಸುತ್ತಲಿಂದ ಒಟ್ಟಿಗೆ ಕಾವು ಬಿದ್ದರೆ ಮಾತ್ರ, ಅದು ಹಳದಿಗೆ ತಲುಪುವ ಮೊದಲೇ ಬಿಳಿ ಬೆಂದಿರುತ್ತದೆ.

ಹಾಗಾಗಿ ಮೊದಲು ಎತ್ತರದ ಮುಚ್ಚಳ ಹುಡುಕಿ. ಉಬ್ಬಿದ ಮುಚ್ಚಳ ಮನೆಯಲ್ಲಿ ಇಲ್ಲದಿದ್ದರೆ ಬಾಣಲೆಯ ಬಾಯಿಗೆ ಸರಿಯಾಗಿ ಕೂರುವ ಇನ್ನೊಂದು ಪಾತ್ರೆಯನ್ನು ಬೋರಲು ಹಾಕಿದರೂ ನಡೆಯುತ್ತದೆ. ಮುಚ್ಚಳದ ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿ, ತುದಿಗಳನ್ನು ಮೇಲಕ್ಕೆ ತಂದು ಗಂಟು ಹಾಕಿ. ಬಟ್ಟೆ ಉರಿಗೆ ಜೋತು ಬೀಳಬಾರದು. ಮೊಟ್ಟೆ ಮೇಲೆ ನಿಲ್ಲುವ ನೀರು ಮುಚ್ಚಳದಿಂದ ತೊಟ್ಟಿಕ್ಕಿದ ಹಬೆಯ ನೀರೇ. ಅದನ್ನು ಬಟ್ಟೆ ಹೀರಿಕೊಳ್ಳುತ್ತದೆ.

ನೀರು ಬಟ್ಟಲಿನ ತಳಕ್ಕೆ ತಾಗದಷ್ಟಿರಲಿ. ಒಂದು ಬೆರಳಿನಷ್ಟು ಜಾಗ ಬಿಡಿ. ತಾಗಿದರೆ ತಳ ಬೇಗ ಬೇಯುತ್ತದೆ, ಕುದಿ ಬಂದಾಗ ನೀರು ಬಟ್ಟಲಿಗೆ ಉಕ್ಕುತ್ತದೆ. ನೀರು ಚೆನ್ನಾಗಿ ಕುದಿಯಲಿ, ಆಮೇಲೆ ಮೊಟ್ಟೆ ಒಡೆದು ಹಾಕಿ. ತಣ್ಣೀರಿನಲ್ಲೇ ಮೊಟ್ಟೆ ಇಟ್ಟು ಒಲೆ ಹಚ್ಚಿದರೆ ಯಾವ ನಿಮಿಷದ ಲೆಕ್ಕವೂ ನಿಲ್ಲುವುದಿಲ್ಲ. ಬಟ್ಟಲಿಗೆ ತುಪ್ಪ ಅಥವಾ ಎಣ್ಣೆಯನ್ನು ಬೆರಳಿನಲ್ಲಿ ಅಂಚಿನವರೆಗೂ ಸವರಿ. ನಾನ್‌ಸ್ಟಿಕ್ ಆದರೂ ಸವರಿ, ಸ್ಟೀಲ್ ಆದರಂತೂ ಬಿಡಲೇಬೇಡಿ.

ಮಧ್ಯಮ ಉರಿಯಲ್ಲಿ ಹರಿಯುವ ಹಳದಿ ಬೇಕಿದ್ದರೆ 4 ನಿಮಿಷ, ಮೆತ್ತಗೆ ಹಿಡಿದ ಹಳದಿಗೆ 5, ಪೂರ್ತಿ ಗಟ್ಟಿಗೆ 7. ಫ್ರಿಜ್ಜಿನಿಂದ ಆಗತಾನೆ ತೆಗೆದ ಮೊಟ್ಟೆಗೆ ಅರ್ಧ ನಿಮಿಷ ಸೇರಿಸಿ. ನಾಟಿ ಕೋಳಿ ಮೊಟ್ಟೆ ಚಿಕ್ಕದು, ಅರ್ಧ ನಿಮಿಷ ಕಡಿಮೆ ಸಾಕು. ತುಮಕೂರು ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿದೆ. ಇಲ್ಲಿ ನೀರು ಕುದಿಯುವುದು 97 ಡಿಗ್ರಿ ಆಸುಪಾಸಿನಲ್ಲಿ. ಕರಾವಳಿಯವರು ಹೇಳಿದ ಸಮಯಕ್ಕೆ ಸ್ವಲ್ಪ ಕೂಡಿಸಿಕೊಳ್ಳಬೇಕಾದರೆ ಆಶ್ಚರ್ಯ ಬೇಡ. ಗಡಿಯಾರಕ್ಕಿಂತ ಬಾಣಲೆಯ ಹಿಡಿ ನಂಬಿ: ಮೆಲ್ಲಗೆ ಅಲ್ಲಾಡಿಸಿ. ಹಳದಿಯ ಸುತ್ತ ಪಾರದರ್ಶಕ ಲೋಳೆ ಇನ್ನೂ ತುಳುಕುತ್ತಿದ್ದರೆ ಮುಚ್ಚಿ. ಬಿಳಿ ಪೂರ್ತಿ ಬೆಳ್ಳಗಾಗಿ, ನಡುವೆ ಮಾತ್ರ ಸಣ್ಣಗೆ ನಡುಗಿದರೆ ಆಯಿತು. ಒಲೆ ಆರಿಸಿ ಹಾಗೇ ಬಿಡಬೇಡಿ, ಬಿಸಿ ಬಟ್ಟಲಲ್ಲಿ ಮೊಟ್ಟೆ ಇನ್ನೂ ಬೇಯುತ್ತಲೇ ಇರುತ್ತದೆ. ತಕ್ಷಣ ಮರದ ಅಥವಾ ಸಿಲಿಕೋನ್ ಚಮಚದಿಂದ ಅಂಚು ಬಿಡಿಸಿ ತಟ್ಟೆಗೆ ಜಾರಿಸಿ.

ನಾನ್‌ಸ್ಟಿಕ್ ತಟ್ಟೆಯಾಗಿದ್ದರೆ ನೀರು ಬತ್ತದಂತೆ ನೋಡಿಕೊಳ್ಳಿ. ನೀರಿರುವವರೆಗೆ ಬಿಸಿ 100 ಡಿಗ್ರಿ ದಾಟುವುದಿಲ್ಲ. ಬತ್ತಿದರೆ ತಟ್ಟೆ ಏರುತ್ತಾ ಹೋಗುತ್ತದೆ, 260 ಡಿಗ್ರಿ ಮೇಲೆ ಆ ಲೇಪನ ಕೆಡಲು ಶುರುವಾಗಿ ಕೆಟ್ಟ ಹೊಗೆ ಬರುತ್ತದೆ.

ಇನ್ನು ಕ್ಯಾತ್ಸಂದ್ರದವರಿಗೆ ನಾನು ಇದನ್ನು ಹೇಳಲೇಬೇಕು. ತಟ್ಟೆ ಇಡ್ಲಿಯ ಊರಲ್ಲಿ ಇದ್ದೀರಿ. ಮನೆಯಲ್ಲಿ ತಟ್ಟೆ ಇಡ್ಲಿ ಪಾತ್ರೆ ಇದ್ದರೆ ಬೇರೆ ಪೋಚರ್ ಬೇಕಾಗಿರಲಿಲ್ಲ. ತೂತಿಲ್ಲದ ಒಂದು ತಟ್ಟೆಗೆ ತುಪ್ಪ ಸವರಿ ಎರಡು ಮೊಟ್ಟೆ ಒಡೆದು ಹಾಕಿ, ಮುಚ್ಚಿ. ಆ ಪಾತ್ರೆಯ ಮುಚ್ಚಳ ಹಬೆಗೆಂದೇ ಮಾಡಿದ್ದು, ಬಿಗಿಯಾಗಿ ಕೂರುತ್ತದೆ. ಮೊಟ್ಟೆ ತೆಳ್ಳಗೆ ಹರಡುವುದರಿಂದ ಒಂದು ನಿಮಿಷ ಬೇಗ ಆಗುತ್ತದೆ, ಕಣ್ಣಿಟ್ಟಿರಿ. ಸಾಮಾನ್ಯ ಇಡ್ಲಿ ಗುಳಿಗೆ ಫಾರಂ ಮೊಟ್ಟೆ ಅಂಚಿನವರೆಗೂ ತುಂಬಿ ಚೆಲ್ಲುವುದುಂಟು. ಅಲ್ಲಿ ನಾಟಿ ಮೊಟ್ಟೆ ಹಾಕಿ, ಇಲ್ಲವೇ ಗುಳಿ ತಟ್ಟೆ ಬಿಟ್ಟು ಚಿಕ್ಕ ಸ್ಟೀಲ್ ಬಟ್ಟಲುಗಳನ್ನೇ ಒಳಗಿಡಿ.

ನಿಮ್ಮ ಅತ್ತೆಯವರು ಹೇಳಿದ್ದು ಸರಿ. ಹಸಿ ಅಥವಾ ಅರೆಬೆಂದ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಉಳಿದಿರಬಹುದು. ದೊಡ್ಡವರು ಕೆಲವು ದಿನಗಳ ವಾಂತಿ ಭೇದಿಯಲ್ಲಿ ಸುಧಾರಿಸಿಕೊಂಡರೂ ಪುಟ್ಟ ಮಕ್ಕಳಿಗೆ ಅದು ಜೋರಾಗಿ ಹಿಡಿಯುತ್ತದೆ. ಮಗಳ ಮೊಟ್ಟೆಯನ್ನು ಹಳದಿಯೂ ಗಟ್ಟಿಯಾಗುವವರೆಗೆ ಬೇಯಿಸಿ. ಬಸುರಿಯರಿಗೆ, ವಯಸ್ಸಾದವರಿಗೆ, ಕಾಯಿಲೆಯಿಂದ ಎದ್ದವರಿಗೂ ಹಾಗೇ. ನಾಲ್ಕು ಬಟ್ಟಲು ಇರುವುದರ ಅನುಕೂಲ ಇಲ್ಲೇ ಇದೆ: ಮಗುವಿನದನ್ನು ಮೊದಲೇ ಹಾಕಿ, ಮೂರು ನಿಮಿಷ ಬಿಟ್ಟು ನಿಮ್ಮದನ್ನು ಹಾಕಿ, ಎಲ್ಲ ಒಟ್ಟಿಗೆ ಇಳಿಸಿ.

ಪ್ರಶ್ನೆ: ಯಾವ ತಟ್ಟೆಯೂ ಇಲ್ಲದೆ ನೇರ ನೀರಿಗೆ ಮೊಟ್ಟೆ ಒಡೆದು ಹಾಕಿದರೆ ಬಿಳಿ ಎಲ್ಲ ಎಳೆ ಎಳೆಯಾಗಿ ಹರಡಿಕೊಳ್ಳುತ್ತದೆ. ಏನು ಮಾಡಬೇಕು?
– ಓದುಗರು, ಗೌರಿಬಿದನೂರು

ಉತ್ತರ: ಮೊಟ್ಟೆ ಹಳೆಯದಿರಬೇಕು. ದಿನ ಕಳೆದಂತೆ ಬಿಳಿ ಭಾಗ ನೀರಾಗುತ್ತದೆ. ಬೇಸಿಗೆಯಲ್ಲಿ ಅಂಗಡಿಯ ಟ್ರೇಯಲ್ಲಿ ಕೂತ ಮೊಟ್ಟೆಗೆ ಇದು ಇನ್ನೂ ಬೇಗ. ನೀರಿಗೆ ಹಾಕಿ ನೋಡಿ: ತಳದಲ್ಲಿ ಅಡ್ಡಡ್ಡ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಹಳೆಯದು, ತೇಲಿದರೆ ಎಸೆಯಿರಿ. ನಿಂತ ಮೊಟ್ಟೆಯನ್ನು ಬಟ್ಟಲಿನ ಪೋಚರಿಗೋ ಆಮ್ಲೆಟ್ಟಿಗೋ ಇಟ್ಟುಕೊಳ್ಳಿ.

ತಾಜಾ ಮೊಟ್ಟೆಯಲ್ಲೂ ಸ್ವಲ್ಪ ನೀರು ಲೋಳೆ ಇದ್ದೇ ಇರುತ್ತದೆ. ಸಣ್ಣ ಕಣ್ಣಿನ ಜಾಲರಿಗೆ ಮೊಟ್ಟೆ ಒಡೆದು ಅರ್ಧ ನಿಮಿಷ ಹಿಡಿಯಿರಿ. ತೆಳು ಲೋಳೆ ಸೋರಿ, ಹಳದಿಗೆ ಅಂಟಿಕೊಂಡ ದಪ್ಪ ಬಿಳಿ ಮಾತ್ರ ಉಳಿಯುತ್ತದೆ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಹಾಕಿ. ಹುಳಿ ಇದ್ದರೆ ಬಿಳಿ ಬೇಗ ಹಿಡಿಯುತ್ತದೆ. ನೀರು ಕೊತಕೊತ ಕುದಿಯಬಾರದು, ತಳದಿಂದ ಸಣ್ಣ ಗುಳ್ಳೆ ಏಳುತ್ತಿರಬೇಕು ಅಷ್ಟೇ. ಆಗ ಮೊಟ್ಟೆಯನ್ನು ನೀರಿಗೆ ಹತ್ತಿರ ತಂದು ಜಾರಿಸಿ. 3ರಿಂದ 4 ನಿಮಿಷ ಸಾಕು.

ನಮ್ಮ ಕಡೆ ಮೊಟ್ಟೆ ಒಡೆದು ಬಿಟ್ಟು ಮಾಡುವ ಸಾರು ಇದೆ ಅಲ್ವಾ? ಅದೂ ಇದೇ ಕೆಲಸ. ಹುಣಸೆಹಣ್ಣಿನ ಹುಳಿ ವಿನೆಗರ್ ಕೆಲಸ ಮಾಡುತ್ತದೆ, ಮಸಾಲೆಯಿಂದ ಮಂದವಾದ ಸಾರು ಮೊಟ್ಟೆಯನ್ನು ಹರಡಲು ಬಿಡುವುದಿಲ್ಲ. ಆ ಸಾರು ಮಾಡಿ ಅಭ್ಯಾಸ ಇರುವವರು ಮೊಟ್ಟೆ ಬಿಟ್ಟ ಮೇಲೆ ಸೌಟು ಆಡಿಸುವುದಿಲ್ಲ. ಬರೀ ನೀರಿನಲ್ಲೂ ಆಡಿಸಬೇಡಿ. ಇದರಲ್ಲಿ ಕೈ ಕುದುರುವವರೆಗೆ ಸಾರಿನಲ್ಲೇ ಮಾಡಿ ಅಂತ ನನ್ನ ಸಲಹೆ. ಬಿಸಿ ಮುದ್ದೆ ಜೊತೆಗೆ ಅದಕ್ಕಿಂತ ರುಚಿಯಾದ ಪೋಚ್ಡ್ ಎಗ್ ನನಗೆ ಗೊತ್ತಿಲ್ಲ.

ಪ್ರಶ್ನೆ: ಪೋಚರ್ ಇಡುವ ಬಾಣಲೆಯ ಒಳಗೆ ಬಿಳಿ ಪೊರೆ ಕಟ್ಟುತ್ತಿದೆ. ಉಜ್ಜಿದರೂ ಹೋಗುತ್ತಿಲ್ಲ.
– ಓದುಗರು, ಕೋಲಾರ

ಉತ್ತರ: ಕೊಳವೆಬಾವಿಯ ಗಡಸು ನೀರಿನ ಸುಣ್ಣ ಅದು. ಉಜ್ಜಬೇಡಿ, ನಾನ್‌ಸ್ಟಿಕ್ ಆದರೆ ಲೇಪನವೇ ಹೋಗುತ್ತದೆ. ನೀರು, ವಿನೆಗರ್ ಸಮಸಮ ಹಾಕಿ ಐದು ನಿಮಿಷ ಕುದಿಸಿ, ಆರಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಅಲ್ಯೂಮಿನಿಯಂ ಬಾಣಲೆ ಕಪ್ಪಾಗುತ್ತಿದ್ದರೆ ಕುಕ್ಕರಿಗೆ ಹಾಕುವ ಹಾಗೆ ಒಂದು ಚೂರು ಹುಣಸೆಹಣ್ಣನ್ನೋ ಹಿಂಡಿದ ನಿಂಬೆ ಸಿಪ್ಪೆಯನ್ನೋ ಮೊಟ್ಟೆ ಬೇಯಿಸುವಾಗ ಬಾಣಲೆಯ ನೀರಿಗೆ ಹಾಕಿಡಿ. ಕುಡಿಯಲು ಶುದ್ಧೀಕರಿಸಿದ ನೀರು ಮನೆಗೆ ಬರುತ್ತಿದ್ದರೆ ಒಂದು ಲೋಟ ಅದನ್ನೇ ಬಳಸಿ, ಪೊರೆ ಕಟ್ಟುವುದು ತುಂಬಾ ಕಡಿಮೆಯಾಗುತ್ತದೆ.