ಸೀರಿಯಲ್ ಪೋರ್ಟ್ 115200 ದಾಟಬೇಕಾದರೆ ಮೊದಲು ಕ್ಲಾಕ್ ನೋಡಿ

ಪ್ರಶ್ನೆ: ಡೆಸ್ಕ್‌ಟಾಪ್‌ನ ಸೀರಿಯಲ್ ಪೋರ್ಟ್ 115200 ಬಾಡ್‌ಗಿಂತ (ಸೆಕೆಂಡಿಗೆ ಅಷ್ಟು ಬಿಟ್) ಮೇಲೆ ಹೋಗುತ್ತಿಲ್ಲ. ಲಿನಕ್ಸ್‌ನಲ್ಲಿ ಸೆಟ್‌ಸೀರಿಯಲ್ ಎಂಬ ಕಮಾಂಡ್ ಬಳಸಿ ಬಾಡ್ ಬೇಸ್ 921600 ಎಂದು ಕೊಟ್ಟೆ. ಈಗ ಸರಿಯಾಗಿದ್ದ 9600 ಕೂಡ ಕೆಟ್ಟು, ಬರೀ ಕಸದ ಅಕ್ಷರಗಳು ಬರುತ್ತಿವೆ. ಏಕೆ?

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಆದ್ದರಿಂದ ಪೂರ್ತಿ ಬರೆಯುತ್ತೇನೆ. ಬಾಡ್ ಬೇಸ್ ವೇಗ ಏರಿಸುವ ಗುಂಡಿ ಅಲ್ಲ. ಚಿಪ್‌ಗೆ ಎಷ್ಟು ವೇಗದ ಕ್ಲಾಕ್ (ತಾಳದ ಮಿಡಿತ) ಬರುತ್ತಿದೆ ಎಂದು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ತಿಳಿಸುವ ಸಂಖ್ಯೆ ಅದು. ಯುಎಆರ್‌ಟಿ, ಅಂದರೆ ಸೀರಿಯಲ್ ಪೋರ್ಟ್ ನಡೆಸುವ ಚಿಪ್, ತನ್ನ 1.8432 ಮೆಗಾಹರ್ಟ್ಸ್ ಕ್ಲಾಕನ್ನು 16ರಿಂದ, ಆಮೇಲೆ ಡಿವೈಸರ್ ಎಂಬ ಪೂರ್ಣಾಂಕದಿಂದ ಭಾಗಿಸುತ್ತದೆ. ಡಿವೈಸರ್ 1 ಇದ್ದಾಗ ಸಿಗುವುದು 115200; ಅದಕ್ಕಿಂತ ಚಿಕ್ಕ ಡಿವೈಸರ್ ಇಲ್ಲ. ನೀವು ಕರ್ನಲ್‌ಗೆ ತಪ್ಪು ಲೆಕ್ಕ ಕೊಟ್ಟಿರಿ. 9600 ಕೇಳಿದಾಗ ಅದು ಡಿವೈಸರ್ ಆಗಿ 12ರ ಬದಲು 96 ಬರೆಯಿತು, ತಂತಿಯ ಮೇಲೆ ಹೋದದ್ದು 1200. ಮೊದಲು ಬಾಡ್ ಬೇಸನ್ನು 115200ಕ್ಕೆ ಮರಳಿಸಿ.

ವೇಗ ಬೇಕಾದರೆ ಕ್ಲಾಕೇ ಬದಲಾಗಬೇಕು. ಸ್ವಂತ ಕ್ರಿಸ್ಟಲ್ (ಕ್ಲಾಕ್ ಹುಟ್ಟಿಸುವ ಹರಳು) ಇರುವ ಹಳೆಯ ಕಾರ್ಡ್‌ನಲ್ಲಿ 3.6864 ಮೆಗಾಹರ್ಟ್ಸ್ ಹಾಕಿದರೆ 230400, 7.3728ಕ್ಕೆ 460800, 14.7456ಕ್ಕೆ 921600. ಚಿಪ್ ಎಷ್ಟು ಮೆಗಾಹರ್ಟ್ಸ್ ತಡೆಯುತ್ತದೆ ಎಂದು ಡೇಟಾಶೀಟ್‌ನಲ್ಲಿ ನೋಡದೆ ಸೋಲ್ಡರಿಂಗ್ ಐರನ್ ಮುಟ್ಟಬೇಡಿ. ಒಂದೇ ಕ್ರಿಸ್ಟಲ್ ಎರಡು ಪೋರ್ಟ್‌ಗಳನ್ನು ನಡೆಸುತ್ತಿದ್ದರೆ ಎರಡೂ ಬದಲಾಗುತ್ತವೆ. ಹೊಸ ಬಾಡ್ ಬೇಸ್ ಕೊಡುವುದು ಇದಾದ ಮೇಲೆ. ಮದರ್‌ಬೋರ್ಡ್‌ನಲ್ಲಿ ಈ ಕೆಲಸಕ್ಕೆ ಕೈಹಾಕಲೇಬೇಡಿ. ಅಲ್ಲಿ ಸೀರಿಯಲ್ ಪೋರ್ಟನ್ನೂ ಒಳಗೊಂಡ ಸೂಪರ್ ಐಓ ಚಿಪ್ 24 ಅಥವಾ 48 ಮೆಗಾಹರ್ಟ್ಸ್‌ನಿಂದ ಒಳಗೇ ಭಾಗಿಸಿಕೊಳ್ಳುತ್ತದೆ. ಕೆಲವು ಚಿಪ್‌ಗಳಲ್ಲಿ ಹೆಚ್ಚಿನ ಕ್ಲಾಕ್ ಆರಿಸುವ ರಿಜಿಸ್ಟರ್ ಇದೆ. ಅದು ನಿಮ್ಮದರಲ್ಲಿ ಉಂಟೋ ಇಲ್ಲವೋ ಎನ್ನುವುದನ್ನು ಡೇಟಾಶೀಟ್ ಮಾತ್ರ ಹೇಳಬಲ್ಲದು.

ಕ್ಲಾಕ್ ಸರಿಹೋದ ಮೇಲೆ ಎಡವುವುದು ಲೈನ್ ಡ್ರೈವರ್‌ನಲ್ಲಿ, ಅಂದರೆ ತಂತಿಗೆ ವೋಲ್ಟೇಜ್ ಕೊಡುವ ಚಿಪ್‌ನಲ್ಲಿ. ಸೀರಿಯಲ್ ಪೋರ್ಟ್‌ನ ಮಾನದಂಡವಾದ ಆರ್‌ಎಸ್-232 ನಿಯಮದಂತೆ ವೋಲ್ಟೇಜ್ ಮೈಕ್ರೋಸೆಕೆಂಡಿಗೆ 30 ವೋಲ್ಟ್‌ಗಿಂತ ವೇಗವಾಗಿ ಏರಬಾರದು. 921600ರಲ್ಲಿ ಒಂದು ಬಿಟ್‌ನ ಆಯಸ್ಸು 1.085 ಮೈಕ್ರೋಸೆಕೆಂಡ್, ಮೈನಸ್ 10ರಿಂದ ಪ್ಲಸ್ 10 ವೋಲ್ಟ್‌ಗೆ ಏರಲು ಕನಿಷ್ಠ 0.67 ಬೇಕು. ಆಸಿಲೋಸ್ಕೋಪ್‌ನಲ್ಲಿ ಚೌಕದ ಬದಲು ಗುಡ್ಡ ಕಾಣಿಸುತ್ತದೆ. ಬೋರ್ಡ್‌ಗಳಲ್ಲಿ ಕಾಣುವ 75232 ಎಂಬ ಲೈನ್ ಡ್ರೈವರ್ ಚಿಪ್‌ಗೆ 120 ಕಿಲೋಬಿಟ್‌ವರೆಗೆ ಮಾತ್ರ ಭರವಸೆ. ಮ್ಯಾಕ್ಸ್3225ರಂಥ 1 ಮೆಗಾಬಿಟ್ ಚಿಪ್ ಬೇಕು, ಅದೂ ಎರಡೂ ತುದಿಯಲ್ಲಿ. ಕಾಲುಗಳ ಜೋಡಣೆ ಬೇರೆ, ಹಳೆಯದರ ಜಾಗದಲ್ಲಿ ನೇರ ಕೂರುವುದಿಲ್ಲ. ಕೇಬಲ್ ಒಂದೆರಡು ಮೀಟರ್ ಸಾಕು.

ಇನ್ನು ಫೈಫೋ, ಅಂದರೆ ಚಿಪ್‌ನೊಳಗೆ ಬೈಟ್‌ಗಳು ಸಾಲಾಗಿ ಕಾಯುವ ಜಾಗ. ಈ ವೇಗದಲ್ಲಿ ಬೈಟ್‌ಗೆ ಸುಮಾರು 11 ಮೈಕ್ರೋಸೆಕೆಂಡ್. 16450 ಎಂಬ ಹಳೆಯ ಯುಎಆರ್‌ಟಿಯಲ್ಲಿ ಫೈಫೋ ಇಲ್ಲ, ಬಿಟ್ಟುಬಿಡಿ. 16550ಎಯಲ್ಲಿ 16 ಬೈಟ್ ಜಾಗವಿದೆ. ಟ್ರಿಗರ್ (ಎಷ್ಟು ಬೈಟ್ ತುಂಬಿದಾಗ ಪಿಸಿಯನ್ನು ಕರೆಯಬೇಕು ಎಂಬ ಮಟ್ಟ) 14 ಇಟ್ಟರೆ ಉಳಿಯುವುದು ಎರಡೇ ಬೈಟ್‌ನ ಬಿಡುವು; 8ಕ್ಕೆ ಇಳಿಸಿದರೆ ಸುಮಾರು 87 ಮೈಕ್ರೋಸೆಕೆಂಡ್ ಸಿಗುತ್ತದೆ. ಕಳಿಸು, ನಿಲ್ಲಿಸು ಎಂದು ಎರಡು ತುದಿಗಳು ಸೂಚಿಸಿಕೊಳ್ಳುವ ಆರ್‌ಟಿಎಸ್-ಸಿಟಿಎಸ್ ತಂತಿಗಳನ್ನು ಬಿಡಬೇಡಿ. ಬೈಟ್ ಕಳೆದುಹೋದರೆ ಊಹಿಸುತ್ತ ಕೂರದೆ ‘ಪ್ರಾಕ್/ಟಿಟಿವೈ/ಡ್ರೈವರ್/ಸೀರಿಯಲ್’ ಕಡತ ಓದಿ. ‘ಓಇ’ ಏರುತ್ತಿದ್ದರೆ ಓವರ್‌ರನ್, ಅಂದರೆ ಪಿಸಿ ತಡಮಾಡಿದೆ. ‘ಎಫ್‌ಇ’ ಏರುತ್ತಿದ್ದರೆ ಫ್ರೇಮಿಂಗ್ ದೋಷ, ಅಂದರೆ ಕ್ಲಾಕ್ ಹೊಂದಿಲ್ಲ ಅಥವಾ ಸಿಗ್ನಲ್ ಕೆಟ್ಟಿದೆ.

ಪ್ರಶ್ನೆ: ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ವೇಗ ಬದಲಿಸಿದರೆ ಸಾಲದೆ?

ಉತ್ತರ: ಸಾಲದು. ಪೋರ್ಟ್ ತೆರೆಯುವ ಪ್ರೋಗ್ರಾಮ್ ತನ್ನ ವೇಗವನ್ನೇ ಬರೆಯುತ್ತದೆ.

ಪ್ರಶ್ನೆ: ವಿಂಡೋಸ್‌ನ ರಿಜಿಸ್ಟ್ರಿ (ಸೆಟ್ಟಿಂಗ್‌ಗಳ ಕಡತ) ತಿದ್ದಿ ಪೋರ್ಟ್ ವೇಗ ಎಂಟು ಪಟ್ಟು ಮಾಡುವ ಸಾಫ್ಟ್‌ವೇರ್ ಕೊಳ್ಳಬಹುದೆ?

ಉತ್ತರ: ಬೇಡ. ರಿಜಿಸ್ಟ್ರಿ ತಿದ್ದಿದರೆ ಕ್ರಿಸ್ಟಲ್ ಬದಲಾಗುವುದಿಲ್ಲ. ಅಂಥವರಿಗೆ ಒಂದು ಪೈಸೆಯೂ ಕೊಡಬೇಡಿ.

ಪ್ರಶ್ನೆ: ಇಷ್ಟೆಲ್ಲ ಬಿಟ್ಟು ಯುಎಸ್‌ಬಿ ಕನ್ವರ್ಟರ್ ಹಾಕಬಹುದೆ?

ಉತ್ತರ: ಖಂಡಿತ, ಹೊಸದಾಗಿ ತೊಡಗುವವರಿಗೆ ನನ್ನ ಸಲಹೆಯೂ ಅದೇ. ಎಫ್‌ಟಿ232ಆರ್ ಎಂಬ ಕನ್ವರ್ಟರ್ ಚಿಪ್ 30 ಲಕ್ಷ ಬಾಡ್‌ವರೆಗೆ ಹೋಗುತ್ತದೆ. ಆದರೆ ಅದರ ಲೇಟೆನ್ಸಿ ಟೈಮರ್ (ಬಂದ ಬೈಟ್‌ಗಳನ್ನು ಪಿಸಿಗೆ ಕಳಿಸುವ ಮೊದಲು ಕಾಯುವ ಅವಧಿ) ಮೊದಲಿಗೆ 16 ಮಿಲಿಸೆಕೆಂಡ್‌ನಲ್ಲಿ ಇರುತ್ತದೆ. ಚಿಕ್ಕ ಪ್ರಶ್ನೆ, ಚಿಕ್ಕ ಉತ್ತರದ ಸಂವಹನವಾದರೆ ಪ್ರತಿ ಸಲವೂ ಅಷ್ಟು ಕಾಯಬೇಕಾದೀತು; 1ಕ್ಕೆ ಇಳಿಸಿ. 16 ಮೆಗಾಹರ್ಟ್ಸ್‌ನ ಆರ್ಡುಯಿನೋ ಮೈಕ್ರೋಕಂಟ್ರೋಲರ್ ಬೋರ್ಡ್ ಜೊತೆ ಜೋಡಿಸುವವರು 115200 ಬಿಟ್ಟು 250000 ಇಡಿ. 115200ರಲ್ಲಿ ಆ ಬೋರ್ಡ್ ಶೇ 2.1ರಷ್ಟು ತಪ್ಪುತ್ತದೆ, 250000 ಎರಡೂ ಕಡೆ ಕರಾರುವಾಕ್ಕಾಗಿ ಬರುತ್ತದೆ.