ಸೈಟ್ ವರ್ಡ್ಸ್ ದಿನಾ ತೋರಿಸಿದರೂ ಮಗು ಮರೆಯುತ್ತಿದೆ, ಏನು ಮಾಡಲಿ?

ಮಗಳಿಗೆ ಐದು ವರ್ಷ, ಶಾಲೆಯಿಂದ ಇಂಗ್ಲಿಷ್ ಸೈಟ್ ವರ್ಡ್ಸ್ (ಪದೇ ಪದೇ ಬರುವ, ನೋಡಿದ ಕೂಡಲೇ ಓದಬೇಕಾದ ಪದಗಳು) ಪಟ್ಟಿ ಬಂದಿದೆ, ದಿನಾ ಹತ್ತು ಕಾರ್ಡ್ ತೋರಿಸಿದರೂ ಮರುದಿನ ಮರೆತಿರುತ್ತಾಳೆ ಅಂತ ಬರೆದಿದ್ದೀರಿ. ದಯವಿಟ್ಟು ಅವಳನ್ನು ಗದರಬೇಡಿ. ಕಲಿಸುವ ಕ್ರಮ ಸ್ವಲ್ಪ ಬದಲಾದರೆ ಸಾಕು.

ನಾನೂ ಮಗನಿಗೆ ಕಾರ್ಡಿನಿಂದಲೇ ಶುರು ಮಾಡಿದ್ದೆ. ಒಂದು ಕಾರ್ಡ್ ಎತ್ತಿದ ಕೂಡಲೇ 'ವಾಸ್' (was) ಅನ್ನುತ್ತಿದ್ದ. ಅದೇ ಪದ ಕಥೆಪುಸ್ತಕದಲ್ಲಿ ಬಂದಾಗ ಸುಮ್ಮನೆ ನನ್ನ ಮುಖ ನೋಡಿದ. ಕಾರ್ಡನ್ನು ತಿರುಗಿಸಿ ನೋಡಿದರೆ ಅದರ ಒಂದು ಮೂಲೆ ಮಡಚಿತ್ತು. ಅವನಿಗೆ ಗುರುತು ಸಿಗುತ್ತಿದ್ದದ್ದು ಆ ಮೂಲೆ! ಹೊಸ ಕಾರ್ಡಿನಲ್ಲಿ ಬರೆದು ತೋರಿಸಿದೆ, 'ಸಾ' (saw) ಅಂದ. ಮೂರೂ ಅಕ್ಷರ ಅವೇ, ಹಿಂದುಮುಂದು ಅಷ್ಟೇ.

ಪದವನ್ನು ಚಿತ್ರದ ಹಾಗೆ ನೆನಪಿಟ್ಟುಕೊಳ್ಳಲು ಹೇಳಿದರೆ ಹೀಗೇ ಆಗುತ್ತದೆ. ಅಕ್ಷರ ಮತ್ತು ಧ್ವನಿ ಒಂದಕ್ಕೊಂದು ಅಂಟಿಕೊಂಡಾಗಲೇ ಪದ ಮನಸ್ಸಿನಲ್ಲಿ ನಿಲ್ಲುವುದು. ಲಿನಿಯಾ ಎರಿ ಎಂಬ ಸಂಶೋಧಕಿ ಇದನ್ನೇ ದಶಕಗಳ ಕಾಲ ಅಧ್ಯಯನ ಮಾಡಿದವರು. ಇದಕ್ಕೆ ಆರ್ಥೊಗ್ರಾಫಿಕ್ ಮ್ಯಾಪಿಂಗ್ ಅನ್ನುತ್ತಾರೆ.

ಇಂಥ ಪಟ್ಟಿಗಳಲ್ಲಿ ಹೆಸರುವಾಸಿಯಾದದ್ದು ಅಮೆರಿಕದ ಶಿಕ್ಷಣತಜ್ಞ ಎಡ್ವರ್ಡ್ ಡಾಲ್ಚ್ 1936ರಲ್ಲಿ ಪ್ರಕಟಿಸಿದ್ದು. ಅದರ 220 ಪದಗಳಲ್ಲಿ ನಾಮಪದಗಳಿಲ್ಲ, ಅವುಗಳ ಪಟ್ಟಿಯೇ ಬೇರೆ. ಹಾಗಾಗಿ ಚಿತ್ರ ತೋರಿಸಿ ಕಲಿಸುವ ದಾರಿಯೂ ಇಲ್ಲ. 'ಆಫ್' (of) ಅನ್ನುವುದಕ್ಕೆ ಯಾವ ಚಿತ್ರ ಬಿಡಿಸುತ್ತೀರಿ? ಆದರೆ 'ಕ್ಯಾನ್', 'ಇಟ್', 'ರನ್', 'ಗೆಟ್' ಕೂಡ ಅದರಲ್ಲಿವೆ. ಇವು ಅಕ್ಷರ ಕೂಡಿಸಿ ಓದಿದರೆ ಬಂದುಬಿಡುವ ಪದಗಳು, ಬಾಯಿಪಾಠ ಬೇಕಿಲ್ಲ. ಮೊದಲು ನಿಮ್ಮ ಪಟ್ಟಿಯಿಂದ ಅಂಥವನ್ನು ಬೇರೆ ಮಾಡಿ.

ಉಳಿದವಕ್ಕೂ ಪೂರ್ತಿ ಪದ ಉರುಹೊಡೆಯಬೇಕಿಲ್ಲ. 'ಸೆಡ್' (said) ತೆಗೆದುಕೊಳ್ಳಿ. ಮೊದಲು ಕಾರ್ಡ್ ಇಲ್ಲದೆ ಬಾಯಲ್ಲೇ ಹೇಳಿಸಿ: ಸ್, ಎ, ಡ್. ಮೂರು ಧ್ವನಿ, ಮೂರು ಬೆರಳು. ಆಮೇಲೆ ಬರೆಯಿರಿ. ಮೊದಲಿನ ಎಸ್ ಸರಿಯಾಗಿದೆ, ಕೊನೆಯ ಡಿ ಸರಿಯಾಗಿದೆ. ನಡುವಿನ ಎ-ಐ (ai) ಮಾತ್ರ ಹಠಮಾರಿ, ಅದು ಇಲ್ಲಿ 'ಎ' ಅನ್ನುವ ಧ್ವನಿ ಕೊಡುತ್ತದೆ. ಆ ಎರಡು ಅಕ್ಷರಗಳ ಕೆಳಗೆ ಅವಳ ಕೈಯಲ್ಲೇ ಬಣ್ಣದ ಗೆರೆ ಎಳೆಸಿ. ನೆನಪಿಡಬೇಕಾದದ್ದು ಅಷ್ಟೇ. ಕನ್ನಡ ಕಾಗುಣಿತ ಕಲಿತ ಮಕ್ಕಳಿಗೆ ಬರೆದದ್ದೇ ಓದು, ಓದಿದ್ದೇ ಬರಹ. ಇಂಗ್ಲಿಷಿನ ಈ ಹಠಮಾರಿ ಜಾಗವನ್ನು ಬೆರಳಿಟ್ಟು ತೋರಿಸಿದರೆ ಅವರ ಗೊಂದಲ ಎಷ್ಟೋ ಕಡಿಮೆಯಾಗುತ್ತದೆ.

'ಕಮ್' (come), 'ಸಮ್' (some) ಒಂದೇ ಜಾತಿಯವು, ಜೊತೆಗೇ ಕಲಿಸಿ. 'ವಾಸ್', 'ಸಾ' ಮಾತ್ರ ಒಂದೇ ವಾರದಲ್ಲಿ ಬೇಡ. ದಿನಕ್ಕೆ ಹತ್ತು ತುಂಬಾ ಆಯಿತು. ನಾನು ವಾರಕ್ಕೆ ಮೂರು-ನಾಲ್ಕಕ್ಕೆ ಇಳಿಸಿದೆ, ಹಳೆಯವನ್ನು ನಡುನಡುವೆ ಬೆರೆಸಿದೆ.

ಕಲಿತ ಪದ ಅದೇ ದಿನ ಒಂದು ವಾಕ್ಯದಲ್ಲಿ ಸಿಗಲಿ. ಓದುವಾಗ ತಡವರಿಸಿದರೆ ಚಿತ್ರ ನೋಡಿ ಊಹಿಸು ಅನ್ನಬೇಡಿ. ಪದದ ಮೊದಲಕ್ಷರದಿಂದ ಬೆರಳು ಸರಿಸಿ, ಸ್ವಲ್ಪ ಕಾಯಿರಿ. ಆಗಲೂ ಬರದಿದ್ದರೆ ನೀವೇ ಹೇಳಿಕೊಟ್ಟು ಕಥೆ ಮುಂದುವರಿಸಿ, ಆ ಪದವನ್ನು ನಾಳೆ ಮತ್ತೆ ಬಿಡಿಸಿ ನೋಡಬಹುದು.