ಬಳೆಗೂ ಮುಲಾಮು ಹಾಕಿಸುತ್ತಾರೆ

ಪ್ರಿಯ ಓದುಗರೇ,

ಕಳೆದ ಸಂಚಿಕೆಯ ಕಥೆಯಲ್ಲಿ ಅಜ್ಜಿಯೊಬ್ಬಳ ‘ಚಿನ್ನದ ಮುಲಾಮು ಹಾಕಿಸಿದ ಬಳೆ’ ಬರುತ್ತದೆ. ‘ಮುಲಾಮು ಗಾಯಕ್ಕೆ ಹಚ್ಚುವ ಔಷಧ ಅಲ್ವಾ? ಗಿಲೀಟು ಅನ್ನಬೇಕಿತ್ತಲ್ಲ?’ ಎಂದು ಕೇಳಿದ್ದೀರಿ. ಪದ ಸರಿಯಾಗೇ ಇದೆ. ಆದರೂ ಇಂಥ ಪ್ರಶ್ನೆ ಬಂದರೆ ನನಗೆ ಖುಷಿ.

ಕನ್ನಡದಲ್ಲಿ ಮುಲಾಮು ಎರಡಿವೆ. ಗಾಯದ ಮುಲಾಮಿನ ಮೂಲ ಅರಬ್ಬಿಯ ‘ಮರ್ಹಮ್’. ಹಿಂದಿಯಲ್ಲಿ ಅದು ಮಲಹಮ್ ಆಯಿತು. ಬಳೆಯ ಮುಲಾಮು ಬಂದದ್ದೂ ಅರಬ್ಬಿಯಿಂದಲೇ, ಆದರೆ ‘ಮುಲಮ್ಮಾ’ ಎಂಬ ಬೇರೆ ಪದದಿಂದ. ಅದರ ಬೇರಿನ ಅರ್ಥ ಹೊಳೆಯುವುದು. ಉರ್ದು, ಹಿಂದಿಯಲ್ಲಿ ಚಿನ್ನ ಬೆಳ್ಳಿಯ ಲೇಪಕ್ಕೆ ಇವತ್ತಿಗೂ ಇದೇ ಮಾತು. ನಮ್ಮ ಬಾಯಿಗೆ ಬರುವಷ್ಟರಲ್ಲಿ ಎರಡೂ ಒಂದೇ ಥರ ಆದವು.

ಹಳೆಯ ಕೆಲಸದ ರೀತಿ ನೋಡಿದರೆ ಎರಡೂ ಬೆರೆತುಹೋದದ್ದು ಸಹಜ ಅನ್ನಿಸುತ್ತದೆ. ಚಿನ್ನವನ್ನು ಪಾದರಸದ ಜೊತೆ ಸೇರಿಸಿ ಬೆಣ್ಣೆಯಂಥ ಮುದ್ದೆ ಮಾಡುತ್ತಿದ್ದರು. ಅದನ್ನು ತಾಮ್ರದ ಮೇಲೋ ಬೆಳ್ಳಿಯ ಮೇಲೋ ಸವರುತ್ತಿದ್ದರು, ಥೇಟ್ ಔಷಧ ಸವರಿದ ಹಾಗೆ. ಬೆಂಕಿಗೆ ಹಿಡಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಅಂಟಿಕೊಂಡು ಉಳಿಯುತ್ತಿತ್ತು. ಆಗಲೂ ಅದು ಮಂಕೇ. ನುಣುಪಾದ ಕಲ್ಲಿನಿಂದ ಉಜ್ಜಿದ ಮೇಲೇ ಹೊಳಪು. ಆ ಆವಿ ವಿಷ. ಅದನ್ನು ಉಸಿರಾಡಿದ ಕೆಲಸಗಾರರಿಗೆ ಕೈನಡುಕ ಹತ್ತುತ್ತಿತ್ತು. 1840ರಲ್ಲಿ ಇಂಗ್ಲೆಂಡಿನ ಎಲ್ಕಿಂಗ್ಟನ್ ಮನೆತನದವರು ವಿದ್ಯುತ್ತಿನಿಂದ ಲೇಪ ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಪಾದರಸದ ಕಾಟ ನಿಧಾನವಾಗಿ ತಗ್ಗಿತು.

ಇನ್ನು ಗಿಲೀಟು. ಇದು ಇಂಗ್ಲಿಷಿನ ‘ಗಿಲ್ಟ್’. ಗೋಲ್ಡ್‌ನಿಂದ ಗಿಲ್ಡ್, ಅಂದರೆ ಚಿನ್ನ ಹೊದಿಸು. ಹಾಗೆ ಹೊದಿಸಿದ್ದು ಗಿಲ್ಟ್. ಗೋಲ್ಡ್ ಪದಕ್ಕೂ ಸಂಸ್ಕೃತದ ಹಿರಣ್ಯಕ್ಕೂ ಬೇರು ಒಂದೇ ಅನ್ನುತ್ತಾರೆ ಭಾಷಾವಿಜ್ಞಾನಿಗಳು. ಹೊಳಪು, ಹಳದಿ ಎಂಬ ಅರ್ಥದ ಬಹಳ ಹಳೆಯ ಬೇರು ಅದು. ನಾವು ಕಡೆಗಣಿಸುವ ಗಿಲೀಟು ಹಿರಣ್ಯಕ್ಕೆ ದೂರದ ನೆಂಟ!

ಇದನ್ನು ಬರೆಯುವಾಗ ಮೇಜಿನ ಮೇಲೆ ಮುಲಾಮಿನ ಹಳೆಯ ಉಂಗುರವೊಂದನ್ನು ಇಟ್ಟುಕೊಂಡಿದ್ದೇನೆ. ಹೂವಿನ ಕೆತ್ತನೆಯ ತಗ್ಗಿನಲ್ಲಿ ಚಿನ್ನ ಹಾಗೇ ಇದೆ. ಎಸಳಿನ ಉಬ್ಬು ಸವೆದು ತಾಮ್ರದ ಕೆಂಪು ಕಾಣುತ್ತಿದೆ.

ಕಥೆಯಲ್ಲಿ ಗಿಲೀಟು ಅಂದರೂ ಅರ್ಥ ಕೆಡುತ್ತಿರಲಿಲ್ಲ. ಆದರೆ ಆ ಪದಕ್ಕೆ ನಕಲಿ ಎಂಬ ಅರ್ಥ ಜಾಸ್ತಿ ಅಂಟಿಕೊಂಡಿದೆ. ಕಥೆಯ ಅಜ್ಜಿ ಆ ಬಳೆಯನ್ನು ಒಮ್ಮೆಯೂ ನಕಲಿ ಎಂದು ನೋಡಿದವಳಲ್ಲ. ಅದಕ್ಕೇ ಮುಲಾಮನ್ನು ತಿದ್ದದೆ ಬಿಟ್ಟೆ.

– ಸಂಪಾದಕ